ತುತ್ತಿಟ್ಟ ಕೈಯ ಹೊಣೆ

(ಸೂಲಿಬೆಲೆಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಹೋದ ಸೋಮವಾರದ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ಹಿರಿಯ ಶರಣರೊಬ್ಬರು ನಮ್ಮನ್ನು ತಡೆದು ಒಂದು ಪ್ರಶ್ನೆಯನ್ನು ಕೇಳಿದರು. “ಬುದ್ಧಿ, ನಮ್ಮ ತಂದೆಯವರ ಕಾಲದಿಂದಲೂ ಊಟಕ್ಕೆ ಮುನ್ನ ಬೀದಿಯ ನಾಯಿಗೆ ಒಂದು ತುಂಡು ಮುದ್ದೆಯನ್ನು ಹಾಕುತ್ತ ಬಂದಿದ್ದೇವೆ. ಈಗ ಅದೇ ಬೀದಿಯ ನಾಯಿ ನಮ್ಮ ಮೊಮ್ಮಗಳ ಮೀನಖಂಡವನ್ನು ಹಿಡಿದು ಕಚ್ಚಿದೆ. ನಾವು ಮಾಡಿದ್ದು ಪುಣ್ಯವೋ, ಪಾಪವೋ, ಅಪ್ಪಣೆಯಾಗಬೇಕು” ಎಂದರು. ಅವರ ಕಣ್ಣು ತುಂಬಿತ್ತು. ನಿಂತ ನಿಲುವಿನಲ್ಲಿ ಹೇಳಿ ಮುಗಿಸತಕ್ಕ ಮಾತಾಗಿರಲಿಲ್ಲವಾದುದರಿಂದ ಇಂದಿನ ಗೋಷ್ಠಿಗೆ ಇದನ್ನೇ ವಿಷಯವನ್ನಾಗಿ ಇಟ್ಟುಕೊಂಡಿದ್ದೇವೆ.

ಮೊದಲು ಆ ಮಗುವಿನ ಸಂಗತಿಯನ್ನು ಹೇಳಿಬಿಡೋಣ. ಕಚ್ಚಿದ ಸಂಜೆ ಮನೆಯವರು ಗಾಯಕ್ಕೆ ಸುಣ್ಣವನ್ನೂ ಕಾಫಿಪುಡಿಯನ್ನೂ ಮೆತ್ತಿದರು. ಯಾರೋ ಹೇಳಿದರೆಂದು ಮೇಲೆ ವಿಭೂತಿಯನ್ನೂ ಹಚ್ಚಿದರು. ಆಸ್ಪತ್ರೆಯನ್ನು ಕಂಡದ್ದು ಮರುದಿನ ಮಧ್ಯಾಹ್ನ. ಶಿವನ ದಯೆಯಿಂದ ಅಷ್ಟರಲ್ಲಿ ಹೊತ್ತು ಮೀರಿರಲಿಲ್ಲ. ಮಗುವಿಗೆ ಸೂಜಿ ಹಾಕಿಸಲಾಗುತ್ತಿದೆ, ಅದು ಆಡಿಕೊಂಡಿದೆ. ಆದರೆ ಈ ಮಾತನ್ನು ಕೇಳಿ ನಮ್ಮ ಎದೆ ನಡುಗಿತು. ವಿಭೂತಿಯ ಸ್ಥಾನ ಹಣೆ. ನಾಯಿ ಕಚ್ಚಿದ ಗಾಯಕ್ಕೆ ಬೇಕಾದುದು ಸಾಬೂನು ಮತ್ತು ನೀರು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಕಾಲು ಗಂಟೆಯ ಹೊತ್ತು ಗಾಯವನ್ನು ತೊಳೆದು, ಏನನ್ನೂ ಮೆತ್ತದೆ, ಒಡನೆಯೇ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಚರ್ಮದೊಳಗೆ ಕೊಡುವ ಸೂಜಿ ಮೊದಲ ದಿನ ಒಂದು ಸಲ, ಬಳಿಕ 3, 7 ಮತ್ತು 28ನೆಯ ದಿನಗಳಲ್ಲಿ. ಗಾಯ ಆಳವಾಗಿದ್ದರೆ ಅದರೊಳಗೇ ಹಾಕುವ ಬೇರೊಂದು ಮದ್ದೂ ಉಂಟು. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಎಂದು ಅಜ್ಜಿಯರು ಹೆದರಿಸುತ್ತಿದ್ದ ಕಾಲ ಹೋಗಿ ಇಪ್ಪತ್ತು ವರ್ಷಗಳಾದುವು. ನಾಯಿ ನೋಡಲು ಚೆನ್ನಾಗಿದೆಯಲ್ಲ, ಹತ್ತು ದಿನ ಕಾದು ನೋಡೋಣ ಎಂದು ಸೂಜಿಯನ್ನು ಮುಂದಕ್ಕೆ ಹಾಕಬಾರದು. ನಾಯಿಯ ಮೇಲೆ ಕಣ್ಣಿಡುವುದೂ ಸೂಜಿ ಹಾಕಿಸುವುದೂ ಒಟ್ಟಿಗೇ ನಡೆಯಬೇಕು.

ಏಕೆ ಇಷ್ಟು ಅವಸರವೆಂದರೆ, ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ತೋರಿದ ಮೇಲೆ ಬದುಕಿ ಉಳಿದವರು ಇಲ್ಲವೆನ್ನುವಷ್ಟು ವಿರಳ. ಅದೇ ರೋಗವನ್ನು, ಲಕ್ಷಣ ತೋರುವ ಮೊದಲು, ಸೂಜಿಯಿಂದ ತಡೆಯಬಹುದೆಂಬುದನ್ನು ಫ್ರಾನ್ಸಿನ ಲೂಯಿ ಪಾಸ್ಚರನು 1885ರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನನ್ನು ಉಳಿಸಿ ತೋರಿಸಿದನು. ಅಷ್ಟಾದರೂ ನಮ್ಮ ಕರ್ನಾಟಕದಲ್ಲಿ 2024ನೆಯ ಒಂದೇ ವರ್ಷದಲ್ಲಿ ನಾಯಿ ಕಚ್ಚಿದ ಪ್ರಕರಣಗಳು ಮೂರೂವರೆ ಲಕ್ಷವನ್ನು ಮೀರಿದುವು. ಈ ರೋಗದಿಂದ 42 ಮಂದಿ ಸತ್ತರು. ಆ ಸಾವುಗಳು ತಡೆಯಬಹುದಾದ ಸಾವುಗಳು.

ಇನ್ನು ಶರಣರ ಪ್ರಶ್ನೆಗೆ ಬರೋಣ. ದಯೆಯನ್ನು ಕುರಿತು ಬಸವಣ್ಣನವರು ಹೇಳಿದ ವಚನ ನಿಮ್ಮೆಲ್ಲರ ನಾಲಗೆಯ ಮೇಲಿದೆ. ಮಕ್ಕಳೂ ಅದನ್ನು ಒಪ್ಪಿಸಬಲ್ಲರು. ನಾಯಿಯ ಮಾತು ಬಂದಾಗ ನಮ್ಮ ಪುರಾತನರಲ್ಲಿ ನೆನೆಯತಕ್ಕವರು ಹಾವಿನಹಾಳ ಕಲ್ಲಯ್ಯನವರು. ಅಕ್ಕಸಾಲಿಗರ ಕುಲದಲ್ಲಿ ಹುಟ್ಟಿದ ಆ ಶರಣರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆ ಬಸವಪುರಾಣದಲ್ಲಿ ಪ್ರಸಿದ್ಧವಾಗಿದೆ. ಪವಾಡವನ್ನು ಪವಾಡವೆಂದೇ ತಿಳಿಯುವವರು ಹಾಗೆ ತಿಳಿಯಲಿ. ಅದರ ಅಭಿಪ್ರಾಯವಾದರೂ ಸ್ಪಷ್ಟವಾಗಿದೆ. ಲೋಕವು ಯಾವ ಪ್ರಾಣಿಯನ್ನು ಹೊಲಸೆಂದು ಕಲ್ಲೆಸೆದು ಓಡಿಸುತ್ತಿತ್ತೋ ಅದರೊಳಗೂ ಶಿವನ ಉಸಿರೇ ಆಡುತ್ತಿದೆ ಎಂಬುದನ್ನು ಶರಣರು ಜಾತಿಯ ಅಹಂಕಾರದ ಮುಖಕ್ಕೆ ಹಿಡಿದು ತೋರಿದರು. ಕಲ್ಲಯ್ಯನವರು ನಾಯಿಗೆ ತಂಗಳನ್ನು ಎಸೆದು ಬಾಗಿಲು ಹಾಕಿಕೊಂಡವರಲ್ಲ, ಅದನ್ನು ಹತ್ತಿರಕ್ಕೆ ಕರೆದು ತಲೆಯ ಮೇಲೆ ಕೈಯಿಟ್ಟವರು.

ನಮ್ಮ ದಯೆಯಾದರೋ ಬಾಗಿಲಿನವರೆಗಿನ ದಯೆ. ತುತ್ತನ್ನು ಎಸೆಯುತ್ತೇವೆ, ಅದನ್ನು ತಿಂದ ನಾಯಿ ಎಲ್ಲಿ ಮಲಗಿತು, ಎಷ್ಟು ಮರಿ ಹಾಕಿತು, ಅದಕ್ಕೆ ರೋಗವಿದೆಯೋ ಇಲ್ಲವೋ, ಕೇಳುವವರಿಲ್ಲ. ಹೆಣ್ಣುನಾಯಿ ಸುಮಾರು 63 ದಿನ ಗರ್ಭವನ್ನು ಧರಿಸಿ, ವರ್ಷಕ್ಕೆ ಎರಡು ಸಲದವರೆಗೆ, ಒಂದೊಂದು ಸಲಕ್ಕೆ ನಾಲ್ಕಾರು ಮರಿಗಳನ್ನು ಈಯುತ್ತದೆ. ಅವುಗಳಲ್ಲಿ ಹೆಚ್ಚಿನವು ಹಸಿವಿನಿಂದಲೋ ರೋಗದಿಂದಲೋ ಲಾರಿಯ ಗಾಲಿಯಿಂದಲೋ ಸಾಯುತ್ತವೆ. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ನಮ್ಮ ಹೆದ್ದಾರಿಯಲ್ಲಿ ಬೆಳಗಿನ ಜಾವ ನಡೆದು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವು ಗುಂಪುಗೂಡುತ್ತವೆ, ಗುಂಪು ಶಾಲೆಗೆ ಹೋಗುವ ಮಕ್ಕಳನ್ನು ಅಟ್ಟುತ್ತದೆ. ಆಗ ನಿನ್ನೆ ತುತ್ತು ಹಾಕಿದ ಕೈಯೇ ದೊಣ್ಣೆ ಹಿಡಿಯುತ್ತದೆ, ಕೆಲವು ಕಡೆ ವಿಷವನ್ನೂ ಬೆರೆಸುತ್ತದೆ. ಹಾಗಾದರೆ ನಿನ್ನೆಯದನ್ನು ದಯೆ ಎನ್ನುವುದು ಹೇಗೆ?

ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳಬೇಕಾಗಿದೆ, ತಾಯಂದಿರು ಮನ್ನಿಸಬೇಕು. ಬೀದಿನಾಯಿಗಳು ಹೆಚ್ಚಿದ್ದಕ್ಕೆ ಕೋಳಿ ಅಂಗಡಿಯವರು ರಸ್ತೆಯ ಪಕ್ಕದಲ್ಲಿ ಸುರಿಯುವ ಕಸವೇ ಕಾರಣವೆಂದು ನಮ್ಮವರು ಸುಲಭವಾಗಿ ಹೇಳಿಬಿಡುತ್ತಾರೆ. ಅದೂ ಒಂದು ಕಾರಣವೇ ಸರಿ. ಆದರೆ ನಮ್ಮ ಮದುವೆಗಳ ಎಂಜಲೆಲೆ ಎಲ್ಲಿಗೆ ಹೋಗುತ್ತದೆ? ಕಲ್ಯಾಣಮಂಟಪದ ಹಿಂದಿನ ಗುಂಡಿಗೆ. ನಮ್ಮ ದಾಸೋಹದ ಎಲೆಗಳೇ ಎಲ್ಲಿಗೆ ಹೋಗುತ್ತಿದ್ದುವು? ಗೋಡೆಯಾಚೆಯ ಬಯಲಿಗೆ. ಹೋದ ಜಾತ್ರೆಯ ಮರುದಿನ ನಾವೇ ಹೋಗಿ ನೋಡಿದೆವು. ಅನ್ನ, ಪಾಯಸ, ಕಚ್ಚಿ ಬಿಟ್ಟ ಒಬ್ಬಟ್ಟು, ಅವುಗಳ ಮೇಲೆ ಹದಿನೆಂಟು ನಾಯಿ, ನಾಲ್ಕು ಬಿಡಾಡಿ ದನ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ನಮ್ಮ ಆಚಾರದಲ್ಲಿ ಚಿಕ್ಕ ಮಾತಲ್ಲ. ಲಿಂಗಕ್ಕೆ ಅರ್ಪಿಸಿ ಕೈಗೆ ತೆಗೆದುಕೊಂಡದ್ದು ಪದಾರ್ಥವಲ್ಲ, ಪ್ರಸಾದ. ಬೇಕಾದಷ್ಟನ್ನೇ ನೀಡಿಸಿಕೊಂಡು ಎಲೆಯನ್ನು ಬರಿದು ಮಾಡಿ ಏಳುವ ಪದ್ಧತಿಯೊಂದು ನಮ್ಮಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಆ ಬಯಲಿನಲ್ಲಿ ಅಷ್ಟು ನಾಯಿಗಳು ಸೇರುತ್ತಿರಲಿಲ್ಲ. ನಾಯಿಗಳ ಸಂಖ್ಯೆಯನ್ನು ನಿಲ್ಲಿಸುವುದು ಅವುಗಳಿಗೆ ಸಿಕ್ಕುವ ಕೂಳು. ಕೂಳನ್ನು ಬಯಲಿಗೆ ಸುರಿದು ನಾಯಿಯನ್ನು ಬೈಯುವುದು ನ್ಯಾಯವಲ್ಲ.

ಕಾಯಿದೆಯ ಮಾತನ್ನು ಶಿವಾನುಭವದಲ್ಲಿ ಏಕೆ ತರುತ್ತೀರಿ ಎಂದು ಕೆಲವರು ಕೇಳಬಹುದು. ಪಂಚಾಚಾರಗಳಲ್ಲಿ ಸದಾಚಾರವೂ ಗಣಾಚಾರವೂ ಸೇರಿವೆಯಷ್ಟೆ. ನೆರೆಯವನಿಗೆ ಕೇಡಾಗದಂತೆ ನಡೆಯುವುದು ಒಂದು, ಕೇಡಾಗುತ್ತಿರುವಾಗ ಸುಮ್ಮನಿರದೆ ಇರುವುದು ಇನ್ನೊಂದು. ಊರಿಗೆ ಕೆರೆಯನ್ನು ಕಟ್ಟಿಸಿದ ಸೊನ್ನಲಿಗೆಯ ಸಿದ್ಧರಾಮೇಶ್ವರರು ಮಣ್ಣು ಹೊರುವುದನ್ನೂ ಪೂಜೆಯ ಹೊರಗೆ ಇಡಲಿಲ್ಲ. ಊರಿನ ಕೆಲಸವನ್ನು ಕುರಿತ ಕಾಯಿದೆಯನ್ನು ಅರಿಯುವುದೂ ಹಾಗೆಯೇ.

ಹಿಂದೆ ಪುರಸಭೆಗಳು ನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದುವು. ಎಷ್ಟು ಕೊಂದರೂ ಅವು ಕಡಮೆಯಾಗಲಿಲ್ಲ. ತೆರವಾದ ಬೀದಿಗೆ ಪಕ್ಕದ ಬೀದಿಯವು ಬಂದು ಸೇರುತ್ತಿದ್ದುವು, ಉಳಿದ ಕೂಳಿನಲ್ಲಿ ಮರಿಗಳು ಹೆಚ್ಚು ಬದುಕುತ್ತಿದ್ದುವು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳ ಬಾಯಿಗೆ ಸಿಕ್ಕಿ ಸತ್ತಾಗ ಎದ್ದ ಆಕ್ರೋಶವನ್ನು ನಿಮ್ಮಲ್ಲಿ ಕೆಲವರು ನೆನೆಯಬಹುದು. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಕೆಳಗೆ 2001ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ನಿಯಮಗಳು ಆದುವು. ಅವುಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ಹುಚ್ಚುರೋಗದ ಸೂಜಿ ಹಾಕಿ, ಗುರುತಿಗೆ ಕಿವಿಯನ್ನು ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡತಕ್ಕದ್ದು. ಈ ಹೊಣೆ ಸ್ಥಳೀಯ ಸಂಸ್ಥೆಯದು. ಅದು ಬೆಂಗಳೂರಿನಂಥ ನಗರಕ್ಕೆ ಮಾತ್ರ ಹೇಳಿದ್ದಲ್ಲ, ಸೂಲಿಬೆಲೆಯ ಪಂಚಾಯಿತಿಗೂ ಹೇಳಿದ್ದು. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕಾದರೂ ಸೂಜಿ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆಂದು ಬಲ್ಲವರ ಮತ. ಅರ್ಧ ಮಾಡಿ ಬಿಟ್ಟರೆ ಮಾಡದಂತೆಯೇ.

2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇದೇ ವಿಷಯ ದೊಡ್ಡದಾಗಿ ಬೆಳೆಯಿತು. ಆಗಸ್ಟ್ 11ರಂದು ದೆಹಲಿಯ ಸುತ್ತಿನ ನಾಯಿಗಳನ್ನೆಲ್ಲ ಹಿಡಿದು ದೊಡ್ಡಿಗಳಲ್ಲಿಡಬೇಕೆಂದು ಒಂದು ಆಜ್ಞೆಯಾಯಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಿದ್ದಿ, ಚಿಕಿತ್ಸೆಯೂ ಸೂಜಿಯೂ ಆದ ನಾಯಿಗಳನ್ನು ಅವುಗಳ ಜಾಗಕ್ಕೇ ಬಿಡಬೇಕೆಂದೂ, ಹುಚ್ಚು ಹಿಡಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಡಕೂಡದೆಂದೂ, ಕಂಡಕಂಡ ಬೀದಿಯಲ್ಲಿ ಆಹಾರ ಹಾಕದೆ ಅದಕ್ಕೆಂದು ಗೊತ್ತುಮಾಡಿದ ಸ್ಥಳದಲ್ಲಿ ಹಾಕಬೇಕೆಂದೂ ಹೇಳಿ, ರಾಜ್ಯಗಳೆಲ್ಲವನ್ನೂ ಆ ಮೊಕದ್ದಮೆಗೆ ಸೇರಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮೊದಲಾದವುಗಳ ಆವರಣದಿಂದ ತೆಗೆದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದೆಂದೂ, ಹೆದ್ದಾರಿಗಳಿಂದ ದನಗಳನ್ನು ತೆರವು ಮಾಡಬೇಕೆಂದೂ ಆಜ್ಞೆಯಾಯಿತು. ಪರವಾಗಿಯೂ ವಿರೋಧವಾಗಿಯೂ ಬೇಕಾದಷ್ಟು ವಾದಗಳು ನಡೆದುವು. ಅವುಗಳಲ್ಲಿ ನಾವು ಇಳಿಯುವುದಿಲ್ಲ. ಕೊಲ್ಲುವುದೂ ಕೂಡದು, ಕಚ್ಚಿಸಿಕೊಳ್ಳುವುದೂ ಕೂಡದು. ಅವೆರಡರ ನಡುವೆ ಕೆಲಸವಿದೆ ಎಂಬಷ್ಟನ್ನು ಗ್ರಹಿಸಿದರೆ ಸಾಕು.

ಮನೆಯಲ್ಲಿ ಸಾಕಿದ ನಾಯಿಯ ವಿಷಯದಲ್ಲಿ ಪಂಚಾಯಿತಿಯನ್ನು ಬೈಯಲು ಅವಕಾಶವೇ ಇಲ್ಲ. ಸೂಜಿ, ಹುಳುವಿನ ಮದ್ದು, ಸಂತಾನಹರಣ ಚಿಕಿತ್ಸೆ ಇವೆಲ್ಲವೂ ಯಜಮಾನನ ಹೊಣೆಯೆಂದು 2023ರ ನಿಯಮವೇ ಹೇಳುತ್ತದೆ. ಪರವಾನಗಿ ಬೇಕೆನ್ನುವ ಊರಿನಲ್ಲಿ ಪರವಾನಗಿಯೂ ಅವನದೇ. ಮೂರು ತಿಂಗಳ ಮರಿಗೆ ಮೊದಲ ಸೂಜಿ, ಬಳಿಕ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸತಕ್ಕದ್ದು. ಹೊರಗೆ ಕರೆದೊಯ್ಯುವಾಗ ಕೊರಳಿಗೆ ಪಟ್ಟಿ, ಕೈಯಲ್ಲಿ ಹಗ್ಗ. “ನಮ್ಮ ನಾಯಿ ಏನೂ ಮಾಡುವುದಿಲ್ಲ, ಬನ್ನಿ” ಎಂದು ಬಾಗಿಲಲ್ಲಿ ನಿಂತು ಕರೆಯುವ ಮನೆಗಳಲ್ಲೇ ನಮ್ಮ ಜಂಗಮರು ಹೆಚ್ಚು ಸಲ ಧೋತರ ಹರಿಸಿಕೊಂಡಿದ್ದಾರೆ! ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು.

ಎಲ್ಲಕ್ಕಿಂತ ಹೇಯವಾದುದು ತಂದು ಬಿಟ್ಟುಹೋಗುವುದು. ನಗರದವರು ಹಬ್ಬಕ್ಕೆ ಕೊಂಡ ಜಾತಿನಾಯಿಯನ್ನು, ಅದು ದೊಡ್ಡದಾದ ಮೇಲೆ, ಕಾರಿನಲ್ಲಿ ತಂದು ನಮ್ಮ ಕೆರೆಯ ಏರಿಯ ಮೇಲೆ ಇಳಿಸಿ ಹೋಗುತ್ತಾರೆ. ಅವರನ್ನು ದೂರುವ ನಾವು ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಪಕ್ಕದ ಹಳ್ಳಿಯ ಗಡಿಯಲ್ಲಿಟ್ಟು ಬರುತ್ತೇವೆ. ಹಾಲು ಕೊಡದ ಗಂಡುಕರುವಿನ ಹಗ್ಗವನ್ನು ಬಿಚ್ಚಿ ಹೆದ್ದಾರಿಯ ಕಡೆಗೆ ಅಟ್ಟುತ್ತೇವೆ. ಬಸವನ ಹೆಸರನ್ನು ಹೊತ್ತ ನಮ್ಮ ಮನೆಗಳಿಂದ ಕರು ಹೀಗೆ ಹೊರಬೀಳಬಹುದೆ? ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಕಾಯಿದೆಯ 11ನೆಯ ಕಲಮಿನಲ್ಲಿ ಅಪರಾಧ. ಕಾಯಿದೆ ಹುಟ್ಟುವ ಎಂಟು ನೂರು ವರ್ಷಗಳ ಮೊದಲೇ ಶರಣರ ಅಂಗಳದಲ್ಲಿ ಅದು ಅಪರಾಧವಾಗಿತ್ತು.

ಈಗ ಆ ಹಿರಿಯರಿಗೆ ಉತ್ತರ. ಅಪ್ಪಾ, ನಿಮ್ಮ ತುತ್ತು ಪಾಪವಲ್ಲ. ಆದರೆ ದಾಸೋಹವೆಂದರೆ ನೀಡುವುದಷ್ಟೇ ಅಲ್ಲ, ನೀಡಿದವರ ಯೋಗಕ್ಷೇಮವನ್ನು ಹೊರುವುದೂ ಹೌದು. ನೀವು ಯಾವ ನಾಯಿಗೆ ಅನ್ನ ಹಾಕಿದಿರೋ ಅದಕ್ಕೆ ಚಿಕಿತ್ಸೆ ಆಗುವಂತೆ ನೋಡಿಕೊಳ್ಳುವ ಓಡಾಟವೂ ಆ ತುತ್ತಿನೊಳಗೇ ಸೇರಿದೆ. ಅನ್ನವನ್ನು ಮನೆಬಾಗಿಲಲ್ಲಿ, ಮಕ್ಕಳು ಆಡುವಲ್ಲಿ ಹಾಕಬೇಡಿ. ಪಂಚಾಯಿತಿಯವರು ತೋರಿಸುವ ಒಂದು ಮೂಲೆಯಲ್ಲಿ, ಮಕ್ಕಳು ಓಡಾಡದ ಹೊತ್ತಿನಲ್ಲಿ ಹಾಕಿ, ಉಳಿದದ್ದನ್ನು ಗುಡಿಸಿ ಬನ್ನಿ. ದಿನವೂ ಅನ್ನ ಹಾಕುವ ಕೈಗೆ ನಾಯಿ ಒಲಿದಿರುತ್ತದಾದುದರಿಂದ, ಹಿಡಿಯುವವರು ಬಂದ ದಿನ ಅದನ್ನು ಕರೆದು ನಿಲ್ಲಿಸಬಲ್ಲವರೂ ನೀವೇ. ಹಿಡಿಯುವ ಕೆಲಸವನ್ನು ಮಾತ್ರ ಅದನ್ನು ಕಲಿತವರಿಗೇ ಬಿಡತಕ್ಕದ್ದು. ಹುಡುಗರು ಹಗ್ಗ ಹಿಡಿದು ಓಡಬಾರದು.

ಇಷ್ಟನ್ನು ಹೇಳಿದಾಗ ಅವರು, “ಆಗಲಿ ಬುದ್ಧಿ, ನಮ್ಮ ಬೀದಿಯಲ್ಲಿ ಒಂದು ಹೆಣ್ಣುನಾಯಿ ತುಂಬಿದ ಬಸುರಿ ಇದೆ. ಅದರ ಗತಿ?” ಎಂದರು. ಪಶುವೈದ್ಯರನ್ನು ವಿಚಾರಿಸಿದೆವು. ಈದ ಮೇಲೆ, ಮರಿಗಳು ಮೊಲೆ ಬಿಟ್ಟ ಬಳಿಕ ಚಿಕಿತ್ಸೆ ಮಾಡಬಹುದಂತೆ. ಅಲ್ಲಿಯವರೆಗೆ ತಾಯಿಗೂ ಮರಿಗಳಿಗೂ ದನದ ಕೊಟ್ಟಿಗೆಯ ಮಗ್ಗುಲಲ್ಲಿ ಎಡೆ ಕೊಡುವುದಾಗಿ ಅವರ ಸೊಸೆ ಒಪ್ಪಿದ್ದಾಳೆ. ಕಚ್ಚಿಸಿಕೊಂಡ ಮಗುವಿನ ತಾಯಿ ಅವಳೇ.

ದಾಸೋಹದ ಎಲೆಗಳಿಗೆ ಮಠದ ಹಿತ್ತಿಲಿನಲ್ಲಿ ಗುಂಡಿ ತೋಡಿಸಿ ಮುಚ್ಚಳ ಹಾಕಿಸಿದೆ. ಈ ಮಳೆಗಾಲ ಕಳೆದರೆ ಗೊಬ್ಬರವಾಗಿ ತೆಂಗಿನ ಬುಡಕ್ಕೆ ಹೋಗುತ್ತದೆ. ಊರಿನ ನಾಯಿಗಳಿಗೆಲ್ಲ ಸೂಜಿಯೂ ಚಿಕಿತ್ಸೆಯೂ ಆಗಬೇಕೆಂದು ಪಂಚಾಯಿತಿಗೆ ಬರೆದ ಅರ್ಜಿಯ ಕಾಗದ ದಾಸೋಹಮನೆಯ ಬಾಗಿಲಲ್ಲಿದೆ. ಪ್ರಸಾದಕ್ಕೆ ಕೂರುವ ಮುನ್ನ ಎಲ್ಲರೂ ರುಜು ಹಾಕಿ ಒಳಗೆ ಬರಬೇಕು.