ಪ್ರಕರಣ ವಿಶ್ಲೇಷಣೆಯೂ ಸತ್ಯವ್ರತವೂ

ಬೀದರ ನಗರಕ್ಕೆ ಹೊಂದಿಕೊಂಡಿರುವ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಿಗಳ ಮೂಲದ್ರವ್ಯಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ದುರ್ವಾಸನೆ ಹಾಗೂ ಕೆಟ್ಟ ನೀರಿನ ಕುರಿತು ಸುತ್ತಲಿನ ಗ್ರಾಮಸ್ಥರು ದೂರುತ್ತ ಬಂದಿದ್ದಾರೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ವ್ಯವಹಾರ ಪ್ರಕರಣವೊಂದನ್ನು ಕೊಡಲು ದೂರದೇಶದ ಕಂಪನಿಗಳ ವೃತ್ತಾಂತವನ್ನೇ ಅರಸಬೇಕಾಗಿಲ್ಲ. ಇಂತಹ ಸ್ಥಳದಲ್ಲಿ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಂಡರೆ ಸಾಕು. ಅದರ ಉತ್ಪಾದನೆ ಇಮ್ಮಡಿಯಾಗಿದೆ, ಆದರೆ ತ್ಯಾಜ್ಯ ನೀರನ್ನು ಶುದ್ಧೀಕರಿಸುವ ಯಂತ್ರ ಹಳೆಯದೇ. ಹೊಸ ಯಂತ್ರಕ್ಕೆ 4 ಕೋಟಿ ರೂಪಾಯಿ ಬೇಕು, ಅದನ್ನು ನಡೆಸಲು ವರ್ಷಕ್ಕೆ 30 ಲಕ್ಷ. ವಾರ್ಷಿಕ ಲಾಭ 1 ಕೋಟಿ 20 ಲಕ್ಷ. ಕೆಲಸಗಾರರು 80 ಮಂದಿ. ಮಾಲೀಕನು ಏನು ಮಾಡತಕ್ಕದ್ದು?

ಈ ಪ್ರಶ್ನೆಗೆ ಬರುವ ಉತ್ತರಗಳ ರೀತಿ ಅಧ್ಯಾಪಕರಿಗೆ ಪರಿಚಿತವಾದದ್ದೇ. ಮೊದಲ ಎರಡು ಪುಟಗಳಲ್ಲಿ ಪ್ರಕರಣದ ಕಥೆಯೇ ಮತ್ತೊಮ್ಮೆ. ಅನಂತರ ಪಠ್ಯಪುಸ್ತಕದ ತತ್ತ್ವಗಳು. ಕೊನೆಗೆ, ‘ಲಾಭ ಮತ್ತು ಪರಿಸರ ಎರಡನ್ನೂ ಸಮತೋಲನದಲ್ಲಿ ಕಾಪಾಡಬೇಕು’ ಎಂಬ ವಾಕ್ಯ. ಈ ವಾಕ್ಯವನ್ನು ಯಾರೂ ಅಲ್ಲಗಳೆಯಲಾರರು. ಮಾಲೀಕನು ಮರುದಿನ ಬೆಳಿಗ್ಗೆ ಏನು ಮಾಡಬೇಕೆಂಬುದನ್ನು ಮಾತ್ರ ಅದು ತಿಳಿಸುವುದಿಲ್ಲ. ಇನ್ನು ಲೆಕ್ಕ ಮಾಡಿದವರು ನಾಲ್ಕು ಕೋಟಿಯನ್ನು ಲಾಭದಿಂದ ಭಾಗಿಸಿ, ಹಣ ಮೂರು ವರ್ಷ ನಾಲ್ಕು ತಿಂಗಳಲ್ಲಿ ಮರಳುವುದೆಂದು ಬರೆಯುತ್ತಾರೆ. ಯಂತ್ರ ನಡೆಸುವ 30 ಲಕ್ಷವನ್ನು ಕಳೆದರೆ ಅದು ನಾಲ್ಕು ವರ್ಷ ಐದು ತಿಂಗಳು ದಾಟುತ್ತದೆ. ಹೊಸ ಯಂತ್ರ ಬರುವವರೆಗೆ ಉತ್ಪಾದನೆಯನ್ನು ಹಳೆಯ ಮಟ್ಟಕ್ಕೆ ಇಳಿಸುವ ಮಾರ್ಗವಂತೂ ಬಹುತೇಕರ ಗಮನಕ್ಕೇ ಬರುವುದಿಲ್ಲ. ಶುದ್ಧೀಕರಿಸದೆ ನೀರು ಬಿಡುವುದನ್ನು ‘ಒಂದು ಪರ್ಯಾಯ’ವೆಂದು ಎಣಿಸುವವರೂ ಉಂಟು. 1974ರ ಜಲಮಾಲಿನ್ಯ ಕಾಯ್ದೆ ಜಾರಿಯಲ್ಲಿರುವಾಗ ಅದು ಪರ್ಯಾಯವಲ್ಲ, ಅಪರಾಧ.

ಪ್ರಕರಣಗಳ ಮೂಲಕ ಕಲಿಸುವ ಪದ್ಧತಿ ಅಮೆರಿಕದ ಹಾರ್ವರ್ಡ್‌ನಲ್ಲಿ ಮೊದಲು ಕಾನೂನು ಶಾಲೆಯಲ್ಲಿ 1870ರ ದಶಕದಲ್ಲಿ ನೆಲೆಗೊಂಡು, 1908ರಲ್ಲಿ ಸ್ಥಾಪಿತವಾದ ವ್ಯವಹಾರ ಶಾಲೆಗೆ ಹಬ್ಬಿತು. 1961ರಲ್ಲಿ ಆರಂಭವಾದ ಅಹಮದಾಬಾದಿನ ನಿರ್ವಹಣಾ ಸಂಸ್ಥೆಯು ಅದನ್ನು ಭಾರತದಲ್ಲಿ ಬೇರೂರಿಸಿತು. ಅದರ ಜೀವಾಳ ತರಗತಿಯ ವಾದ. ಒಬ್ಬನು ಮರೆತದ್ದನ್ನು ಇನ್ನೊಬ್ಬನು ಎತ್ತಿ ಹೇಳುತ್ತಾನೆ. ಬರೆಯುವಾಗ ಆ ಇನ್ನೊಬ್ಬನಿಲ್ಲ. ಬರೆಯುವವನೇ ಕೊಳಾರದ ರೈತನ ಪರವಾಗಿಯೂ, ಕೆಲಸ ಕಳೆದುಕೊಳ್ಳುವ ಭಯದಲ್ಲಿರುವವನ ಪರವಾಗಿಯೂ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬೇಕು. ಆದುದರಿಂದ ಈ ಬರವಣಿಗೆಯ ದೋಷ ಕೇವಲ ಭಾಷೆಯ ದೋಷವಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯೂ ಸೇರಿದೆ. ಸುಳ್ಳು ಬರಹವನ್ನು ಸುಳ್ಳು ಮಾತಿನೊಳಗೆ ಅಡಗಿಸದೆ ಬೇರೆಯಾಗಿ ಹೆಸರಿಸಿರುವುದು ಗಮನಾರ್ಹ. ವಿದ್ಯಾರ್ಥಿಯ ಲೆಕ್ಕದ ತಪ್ಪು ಕೂಟಲೇಖವಲ್ಲ; ಅದು ಅಜ್ಞಾನ, ತಿದ್ದಿದರೆ ಹೋಗುತ್ತದೆ. ಆದರೆ ತೀರ್ಮಾನವನ್ನು ಮೊದಲೇ ಮಾಡಿಕೊಂಡು, ಅದಕ್ಕೆ ಒಪ್ಪುವ ಅಂಕಿಗಳನ್ನಷ್ಟೇ ಆರಿಸಿ, ಒಪ್ಪದ 30 ಲಕ್ಷವನ್ನು ತಿಳಿದೂ ಬಿಟ್ಟರೆ? ಅಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಬರಹ ಮಾತ್ರ ಕೂಟವಾಗುತ್ತದೆ. ಇಂದು ಪರೀಕ್ಷೆಯಲ್ಲಿ ಇದನ್ನು ರೂಢಿಸಿಕೊಂಡವನು ನಾಳೆ ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ, ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ಬಿಡುವನೆಂದು ನಂಬುವುದು ಕಷ್ಟ.

ಇದಕ್ಕೆ ವಿರುದ್ಧವಾದ ದೋಷವೂ ಒಂದಿದೆ, ಅದು ಜೈನ ಮನೆಗಳ ಮಕ್ಕಳಿಗೆ ಹೆಚ್ಚು ಸುಲಭ. ಎಲ್ಲ ದೃಷ್ಟಿಗಳಲ್ಲೂ ಸತ್ಯಾಂಶವಿದೆಯೆಂದು ಬರೆದು ನಿಂತುಬಿಡುವುದು, ಅದನ್ನು ಅನೇಕಾಂತವೆಂದು ಕರೆಯುವುದು. ‘ಸ್ಯಾತ್’ ಎಂಬುದು ಸಂದೇಹದ ಪದವಲ್ಲ. ಯಾವ ಅಪೇಕ್ಷೆಯಿಂದ ಈ ಮಾತು ನಿಜವೆಂದು ಗೊತ್ತುಪಡಿಸುವ ಪದ. ‘ಈ ನಿಬಂಧನೆಯಲ್ಲಿ ಯಂತ್ರ ಕೊಳ್ಳುವುದೇ ಸರಿ, ಇದರಿಂದ ಇವರಿಗೆ ಇಷ್ಟು ನಷ್ಟ’ ಎಂದು ಬರೆದವನು ಅನೇಕಾಂತಕ್ಕೆ ಹತ್ತಿರನೇ ಹೊರತು ಏನನ್ನೂ ನಿರ್ಧರಿಸದವನಲ್ಲ.

ತಿದ್ದುವ ಮಾರ್ಗಕ್ಕೆ ವ್ಯಾಪಾರಿ ಮನೆತನಗಳ ಹಳೆಯ ಪದ್ಧತಿಯೇ ನೆರವಾದೀತು. ಆಯಾ ದಿನ ನಡೆದದ್ದು ನಡೆದಂತೆ ಕಿರ್ದಿಯಲ್ಲಿ ಏರುತ್ತದೆ. ಅದನ್ನು ಖಾತೆವಾರು ವಿಂಗಡಿಸಿದ್ದು ಖತಾವಣಿ. ಖತಾವಣಿಯ ಪ್ರತಿ ಬಾಬ್ತಿನ ಎದುರಿಗೆ ಕಿರ್ದಿಯ ಪುಟಸಂಖ್ಯೆ ಇರಬೇಕು. ಇಲ್ಲದಿದ್ದರೆ ಹಿರಿಯರು ‘ಇದು ಎಲ್ಲಿಂದ ಬಂತು?’ ಎಂದು ಕೇಳುವರು. ವಿದ್ಯಾರ್ಥಿಯೂ ಪ್ರಕರಣದಲ್ಲಿ ಇರುವುದನ್ನು ಒಂದು ಹಾಳೆಯಲ್ಲಿಯೂ, ತಾನು ಊಹಿಸಿದ್ದನ್ನು ಇನ್ನೊಂದರಲ್ಲಿಯೂ ಬರೆದು, ಊಹೆಯ ಎದುರಿಗೆ ಆಧಾರದ ಸಾಲನ್ನು ಗುರುತಿಸಲಿ. ಆಧಾರವಿಲ್ಲದ ಊಹೆಗಳು ತಾವಾಗಿಯೇ ಎದ್ದು ಕಾಣುತ್ತವೆ. ಅನಂತರ ತೀರ್ಮಾನವನ್ನು ಉತ್ತರದ ಮೊದಲ ಪರಿಚ್ಛೇದದಲ್ಲಿಯೇ ಇಡಲಿ. ಕಥೆಯನ್ನು ಮತ್ತೆ ಹೇಳುವ ಚಪಲ ಅದರಿಂದ ಅರ್ಧ ಕಡಿಮೆಯಾಗುತ್ತದೆ.

ಹೀಗೆ ತಿದ್ದಿದ ಉತ್ತರ ಸುಮಾರು ಇಂತಿರುವುದು: ‘ಯಂತ್ರವನ್ನು ಈ ವರ್ಷವೇ ಕೊಳ್ಳತಕ್ಕದ್ದು. ಅಲ್ಲಿಯವರೆಗೆ ಉತ್ಪಾದನೆಯನ್ನು ಹಳೆಯ ಯಂತ್ರ ತಾಳುವಷ್ಟಕ್ಕೆ ಇಳಿಸತಕ್ಕದ್ದು. ಇದರಿಂದ ಕೆಲವರ ಕೂಲಿಗೆ ಕುತ್ತು ಬರಬಹುದು. ಅದರ ಭಾರವನ್ನು ಮಾಲೀಕನೂ ಹೊರಬೇಕು. ಈವರೆಗೆ ಎಷ್ಟು ಬಾವಿಗಳ ನೀರು ಕೆಟ್ಟಿದೆಯೆಂದು ಪ್ರಕರಣದಲ್ಲಿ ಹೇಳಿಲ್ಲ. ಅದನ್ನು ಪರೀಕ್ಷಿಸದೆ ಪರಿಹಾರದ ಮೊತ್ತವನ್ನು ಬರೆಯಲಾಗದು.’

ಕೊನೆಯ ಎರಡು ವಾಕ್ಯಗಳಿಗೆ ಅಂಕ ಕೊಡುವ ಪರೀಕ್ಷಕರು ವಿರಳ. ತಿಳಿಯದ್ದನ್ನು ತಿಳಿಯದೆಂದು ಬರೆದರೆ ಅಂಕ ಹೋಗುವುದೆಂಬುದು ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಅವನು ಒಂದು ಮೊತ್ತವನ್ನು ಬರೆದುಬಿಡುತ್ತಾನೆ.