ಬ್ಯಾಟರಿಯ ಕಾಲ್ಗುಣ

ಸೊಸೆ ಬಂದ ತಿಂಗಳಲ್ಲಿ ಹಸುವಿನ ಹಾಲು ಬತ್ತಿದರೆ, ಬಾವಿಯ ನೀರು ಇಳಿದರೆ, ಮಾವನವರಿಗೆ ಮೊಣಕಾಲು ನೋವು ಕಾಣಿಸಿಕೊಂಡರೆ ಅಷ್ಟಕ್ಕೂ ನಮ್ಮಲ್ಲಿ ಒಂದೇ ಮಾತು ಸಿದ್ಧವಾಗಿದೆ: ಕಾಲ್ಗುಣ. ಈ ಮಾತಿನ ಪೆಟ್ಟು ತಿಂದವರು ಹೆಚ್ಚಾಗಿ ಹೆಂಗಸರೇ. ಆದರೆ 2023ರ ಮಳೆಗಾಲದಲ್ಲಿ ಕಾರಿನ ಬ್ಯಾಟರಿಯೊಂದು ಅದೇ ಪೆಟ್ಟು ತಿಂದದ್ದನ್ನು ನಾನು ಕಣ್ಣಾರೆ ಕಂಡೆ.

ನಮ್ಮದು ಹತ್ತು ವರ್ಷದ ಸಣ್ಣ ಪೆಟ್ರೋಲ್ ಕಾರು. ನಾಲ್ಕು ವರ್ಷ ದುಡಿದ ಬ್ಯಾಟರಿ ಒಂದು ಬೆಳಿಗ್ಗೆ ಕೈಕೊಟ್ಟಿತು. ನಮ್ಮ ಮನೆಯವರು ಹೊಸದನ್ನು ತರಿಸಿ ಹಾಕಿಸಿದರು. ಹಾಕಿದವನು ಅಂಗಡಿಯ ಹುಡುಗ, ಹತ್ತೊಂಬತ್ತರ ಪ್ರಾಯದವನು. ಮರುದಿನದಿಂದಲೇ ತೊಂದರೆ ಶುರುವಾಯಿತು. ಗಡಿಯಾರ ಹನ್ನೆರಡಕ್ಕೆ ಹೋಗಿದ್ದನ್ನು ಬಿಡಿ, ಅದನ್ನು ಸರಿಮಾಡಿಕೊಳ್ಳಬಹುದು. ಕಾರು ನಿಂತರೆ ಸಾಕು, ಇಂಜಿನ್ ಚಳಿಜ್ವರ ಬಂದವರ ಹಾಗೆ ನಡುಗುವುದು. ಸರ್ಕಲ್ಲಿನಲ್ಲಿ ತಾನಾಗಿ ಆಫ್ ಆಗುವುದು. ಗುಂಡಿಗೆ ಚಕ್ರ ಇಳಿದಾಗ ದೀಪವೂ ರೇಡಿಯೊವೂ ಒಂದು ಕ್ಷಣ ಹೋಗಿ ಬರುವುದು. ಐದನೆಯ ದಿನ ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್ ಸದ್ದು.

"ಈ ಬ್ಯಾಟರಿ ಬಂದ ಮೇಲೇ ಎಲ್ಲ ಶುರುವಾದದ್ದು ನೋಡು" ಎಂದರು ನಮ್ಮವರು. ಅಕ್ಕಪಕ್ಕದವರಿಂದ ತಳ್ಳಿಸಿ ಸ್ಟಾರ್ಟ್ ಮಾಡಿಕೊಂಡು ಅಂಗಡಿಗೆ ಹೋದೆವು. ಮಾಲೀಕ ನಮ್ಮ ಮಾತು ಮುಗಿಯುವ ಮೊದಲೇ ಹುಡುಗನನ್ನು ಕರೆದು ಗಿರಾಕಿಗಳೆದುರೇ ಬೈದ. ವಾರದ ಸಂಬಳ ಹಿಡಿಯುತ್ತೇನೆ ಎಂದ. ಹುಡುಗ ತುಟಿ ಬಿಚ್ಚಲಿಲ್ಲ.

ಪಕ್ಕದಲ್ಲಿ ವೈರಿಂಗ್ ಕೆಲಸ ಮಾಡುವ ವಯಸ್ಸಾದವರೊಬ್ಬರಿದ್ದರು. ಅವರು ಯಾರನ್ನೂ ಬೈಯದೆ ಮೀಟರ್ ತಂದರು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಅದು ಹದಿನಾಲ್ಕರ ಆಸುಪಾಸಿಗೆ ಏರಬೇಕು. ನಮ್ಮದು ಓಡುವಾಗಲೂ ಹನ್ನೆರಡನ್ನು ದಾಟಲಿಲ್ಲ. ಎಂದರೆ ಆಲ್ಟರ್ನೇಟರ್ (ಅವರು ಡೈನಮೋ ಎಂದೇ ಕರೆದರು) ಕರೆಂಟು ಕೊಡುತ್ತಿರಲಿಲ್ಲ. ಒಳಗೆ ಕಾರ್ಬನ್ ಬ್ರಶ್ ಸವೆದಿತ್ತು. ಹೊಸ ಬ್ಯಾಟರಿ ಐದು ದಿನ ತವರಿನಿಂದ ತಂದ ಗಂಟನ್ನೇ ಕರಗಿಸಿಕೊಂಡು ಈ ಮನೆಯ ಸಂಸಾರ ತೂಗಿಸಿತ್ತು! ಎರಡು ತಿಂಗಳಿಂದ ಆಗಾಗ ಮಿಣುಕುತ್ತಿದ್ದ ಕೆಂಪು ದೀಪವನ್ನು, ಗಾಡಿ ಓಡಿಸುವ ನಮ್ಮವರು ಹಳೆಯ ಬ್ಯಾಟರಿಯ ಲೆಕ್ಕಕ್ಕೆ ಬರೆದಿದ್ದರು.

ನಡುಗುವುದರ ಕಥೆಯೇ ಬೇರೆ. ಇಂಜಿನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದಂತೆ. ಕಟ್ಟಿದ ಮಸಿ, ಆದ ಸವೆತ ಎಲ್ಲವನ್ನೂ ಗಮನಿಸಿ, ನಿಂತಾಗ ಎಷ್ಟು ಗಾಳಿ ಬೇಕು, ಎಷ್ಟು ಪೆಟ್ರೋಲ್ ಬೇಕು ಎಂದು ಅದು ಕಲಿತುಕೊಂಡಿರುತ್ತದೆ. ಬ್ಯಾಟರಿ ಕಳಚಿದರೆ ಅನೇಕ ಕಾರುಗಳಲ್ಲಿ ಆ ಕಲಿಕೆ ಅಳಿಸಿಹೋಗುತ್ತದೆ. ಎಸಿ, ದೀಪ ಆರಿಸಿ ಹತ್ತು ಹದಿನೈದು ನಿಮಿಷ ನಿಂತಲ್ಲೇ ಓಡಲು ಬಿಟ್ಟು, ನಾಲ್ಕು ದಿನ ಸಮಾಧಾನದಿಂದ ಓಡಿಸಿದರೆ ಮತ್ತೆ ಕಲಿಯುತ್ತದೆ. ನಮ್ಮ ಕಾರು ಏಕೆ ಕಲಿಯಲಿಲ್ಲವೆಂದರೆ ಮೈನಸ್ ಕಡೆಯ ಕ್ಲಾಂಪ್ ಬಿಗಿಯಾಗಿರಲಿಲ್ಲ, ಕೈಯಲ್ಲೇ ತಿರುಗುತ್ತಿತ್ತು. ಗುಂಡಿ ಬಂದಾಗಲೆಲ್ಲ ಸಂಪರ್ಕ ತಪ್ಪಿ, ಕಲಿತದ್ದೂ ಮರೆತುಹೋಗುತ್ತಿತ್ತು. ಈ ಒಂದು ಮಾತ್ರ ಹುಡುಗನ ತಪ್ಪು. ಒಂದಾಣೆ ತಪ್ಪಿಗೆ ಅವನು ತಿಂದದ್ದು ಹದಿನಾರಾಣೆ ಬೈಗುಳ.

ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕಬೇಡಿ ಎಂದು ಕಾಕತಾಳೀಯ ನ್ಯಾಯ ಹೇಳುತ್ತದೆ. ಅಷ್ಟೇ ಸಾಲದು ಎಂದು ನನಗೆ ಅಂದು ತೋರಿತು. ಇಂಜಿನ್ ನಡುಗಿದ್ದಕ್ಕೆ ಬ್ಯಾಟರಿ ಬದಲಿಸಿದ್ದು ನಿಜವಾಗಿಯೂ ಕಾರಣವೇ. ಆದರೆ ಅದರಲ್ಲಿ ಯಾರ ತಪ್ಪೂ ಇಲ್ಲ. ಹೊಸಬರು ಬಂದರೆ ಮನೆ ಹಳೆಯ ಅಭ್ಯಾಸ ಬಿಟ್ಟು ಹೊಸದನ್ನು ಕಲಿಯುವವರೆಗೆ ಒಂದಿಷ್ಟು ನಡುಗಿಯೇ ನಡುಗುತ್ತದೆ. ಕಾರಣವಾಗುವುದು ಬೇರೆ, ತಪ್ಪಿತಸ್ಥರಾಗುವುದು ಬೇರೆ. ನಾವು ಹೆಂಗಸರು ಇವೆರಡನ್ನೂ ಒಂದೇ ಎಂದು ಒಪ್ಪಿಕೊಂಡು ಎಷ್ಟು ವರ್ಷ ಬಾಳಿದ್ದೇವೆ, ಲೆಕ್ಕ ಹಾಕಿ ನೋಡಿ.

ನಾನು ಮದುವೆಯಾಗಿ ಬಂದ ವರ್ಷ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಿತ್ತು. ಕೊಳೆ ಬರುವುದು ಬಿಡದೆ ಸುರಿಯುವ ಮಳೆಗೆ; ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣದ ಔಷಧಿ ಹೊಡೆಯಬೇಕು. ಆ ವರ್ಷ ಮದುವೆಯ ಗಡಿಬಿಡಿಯಲ್ಲಿ ಔಷಧಿ ಹೊಡೆಯಲು ತಡವಾಗಿತ್ತು. ಹಾಗೆ ನೋಡಿದರೆ ನಾನೂ ಕಾರಣಳೇ! ಅತ್ತೆಯವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಉದುರಿದ ಕಾಯಿಗಳ ಬುಟ್ಟಿಯನ್ನು ನನ್ನೆದುರು ಇಳಿಸಿ "ಈ ವರ್ಷ ಹೀಗಾಯ್ತು" ಎಂದರು, ಅಷ್ಟೆ. ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಅವರು ಸೊಸೆಯಾಗಿ ಬಂದ ವರ್ಷ ಎಮ್ಮೆ ಸತ್ತಿತ್ತಂತೆ. ಅಂದು ಅವರಿಗೆ ಹೇಳಿದವರು ಮಾತ್ರ ಬಾಯಿಬಿಟ್ಟೇ ಹೇಳಿದ್ದರು.

ಅಂಗಡಿಯಲ್ಲಿ ನಾನು ಮಾಲೀಕನಿಗೆ, ಹುಡುಗನ ಸಂಬಳ ಹಿಡಿಯಬೇಡಿ ಎಂದೆ. "ಹೆದರಿಕೆ ಇಲ್ದಿದ್ರೆ ಇವ್ರು ಕಲಿಯಲ್ಲ ಮೇಡಂ" ಎಂದ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಈ ಮಾತು ಹೊಸದಲ್ಲ. ಹತ್ತು ಲೆಕ್ಕದಲ್ಲಿ ಒಂದು ತಪ್ಪಿದ ಮಗುವಿಗೆ ಹತ್ತಕ್ಕೂ ಅಡ್ಡಗೀಟು ಎಳೆದರೆ, ತಪ್ಪಿದ್ದು ಯಾವುದೆಂದು ಅದಕ್ಕೆ ತಿಳಿಯುವುದೇ ಇಲ್ಲ. ಪುಸ್ತಕ ಬಚ್ಚಿಡುವುದನ್ನು ಮಾತ್ರ ಕಲಿಯುತ್ತದೆ. ಇದನ್ನೇ ಅವನಿಗೆ ಹೇಳಿದೆ. ಅವನು ಒಪ್ಪಿದನೋ ಇಲ್ಲವೋ, ಮುಂದಿನ ಗಿರಾಕಿಯತ್ತ ತಿರುಗಿದ.

ನಮ್ಮವರು ಬ್ರಶ್ಶಿನ ದುಡ್ಡು ಕೊಟ್ಟರು. ಕೆಂಪು ದೀಪದ ವಿಷಯ ಎತ್ತಲಿಲ್ಲ. ಹುಡುಗ ಸ್ಪ್ಯಾನರ್ ತಂದು ಕ್ಲಾಂಪ್ ಬಿಗಿ ಮಾಡಿ, ಅವರನ್ನು ಬಿಟ್ಟು ನನ್ನ ಕಡೆ ನೋಡಿ, "ಒಂದ್ಸಲ ಅಲ್ಲಾಡಿಸಿ ನೋಡಿ ಮೇಡಂ" ಎಂದ.