ನಮ್ಮವರಿಗೊಂದು ಕಾಲೇಜು

ಶರಾವತಿಗೆ ಸೇತುವೆ ಬರುವ ಮೊದಲು ಕಾಸರಕೋಡಿನವರು ಹೊನ್ನಾವರಕ್ಕೆ ಹೋಗಬೇಕೆಂದರೆ ತಾರಿ ದಾಟಬೇಕಿತ್ತು. ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ, ಎಲ್ಲದಕ್ಕೂ ದೋಣಿ. ಒಂದು ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾರಿ ದಾಟಿ ಹೋಗಿ, ಹೊನ್ನಾವರದಲ್ಲಿ ಆಗಲಿದ್ದ ಕಾಲೇಜಿನ ನಿಧಿಗೆ 51 ರೂಪಾಯಿ ಕೊಟ್ಟು ಬಂದ. ತೆಂಗಿನಕಾಯಿ ಮಾರಿ ಬಂದ ದುಡ್ಡು. ರಾತ್ರಿ ಊಟಕ್ಕೆ ಕುಳಿತಾಗ, "ಇನ್ನು ನಮ್ಮವರು ಧಾರವಾಡಕ್ಕೆ ಹೋಗಿ ಖಾನಾವಳಿ ಊಟ ಮಾಡೂದು ಬೇಡ" ಎಂದ. ಆಯಿ ಬಡಿಸುತ್ತಿದ್ದಳು. ಅಕ್ಕ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. 'ನಮ್ಮವರು' ಎಂಬ ಆ ಮಾತು ಅಂದು ನನ್ನ ಕಿವಿಗೆ ತೀರ ಸಹಜವಾಗಿ ಕೇಳಿಸಿತ್ತು. ಈಗ ಎಪ್ಪತ್ತು ದಾಟಿದ ಮೇಲೆ ಅದೇ ಮಾತು ಮುಳ್ಳಿನಂತೆ ಆಗಾಗ ಚುಚ್ಚುತ್ತದೆ.

ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಕಾಲೇಜುಗಳು ಹುಟ್ಟಿದ ಬಗೆಯನ್ನು ನೆನೆದರೆ ಈಗಲೂ ಸೋಜಿಗವೆನಿಸುತ್ತದೆ. 1862ರಿಂದ 1956ರವರೆಗೆ ನಾವು ಮುಂಬೈಗೆ ಸೇರಿದವರು. ಧಾರವಾಡದಲ್ಲಿ 1917ರಲ್ಲೇ ಕರ್ನಾಟಕ ಕಾಲೇಜು ಆರಂಭವಾಗಿತ್ತು, ಸರಿ. ಆದರೆ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಹತ್ತಿ, ಅಲ್ಲಿ ಕೋಣೆ ಹಿಡಿದು, ತಿಂಗಳಿಗೆ ಇಷ್ಟೆಂದು ತರಿಸಿಕೊಂಡು ಓದುವ ಶಕ್ತಿ ಎಷ್ಟು ಮನೆಗಳಿಗಿತ್ತು? 1949ರಲ್ಲಿ ಕುಮಟೆಯಲ್ಲಿ ಕೆನರಾ ಕಾಲೇಜ್ ಸೊಸೈಟಿಯವರು ಕಾಲೇಜು ತೆರೆದರು. ಮುಂದೆ ಅದಕ್ಕೆ ಮುಂಬೈಯ ಹೆಸರಾಂತ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗರ ಹೆಸರು ಬಂತು. 1964ರಲ್ಲಿ ಹೊನ್ನಾವರದ ಎಸ್.ಡಿ.ಎಂ. ಕಾಲೇಜು. ಅದನ್ನು ನಡೆಸುವ ಸಂಸ್ಥೆಯ ಹೆಸರು ಮಲ್ನಾಡ್ ಪ್ರೋಗ್ರೆಸ್ಸಿವ್ ಎಜುಕೇಶನ್ ಸೊಸೈಟಿ. ಉಪ್ಪುಗಾಳಿಯ ಊರಿಗೆ ಮಲೆನಾಡಿನ ಹೆಸರು ಎಲ್ಲಿಂದ ಬಂತೋ ಎಂದು ವಿದ್ಯಾರ್ಥಿಗಳಾಗಿದ್ದಾಗ ನಾವು ನಗುತ್ತಿದ್ದೆವು. 1966ರಲ್ಲಿ ಅಂಕೋಲೆಯಲ್ಲಿ ದಿನಕರ ದೇಸಾಯರ ಕೆನರಾ ವೆಲ್‌ಫೇರ್ ಟ್ರಸ್ಟಿನ ಗೋಖಲೆ ಸೆಂಟೆನರಿ ಕಾಲೇಜು, 1968ರಲ್ಲಿ ಭಟ್ಕಳದ ಅಂಜುಮನ್ ಕಾಲೇಜು. ಇಪ್ಪತ್ತು ವರ್ಷಗಳೊಳಗೆ ನಾಲ್ಕು. ಇವುಗಳಲ್ಲಿ ಒಂದನ್ನೂ ಸರಕಾರ ಕಟ್ಟಿದ್ದಲ್ಲ.

ಕಟ್ಟಿದವರಲ್ಲಿ ಊರು ಬಿಟ್ಟವರೇ ಮುಂದೆ ನಿಂತರೆಂಬುದು ಇನ್ನೊಂದು ಸೋಜಿಗ. ಬಾಳಿಗರು ಮುಂಬೈಯ ವೈದ್ಯರು. ದೇಸಾಯರು ಅದೇ ಮುಂಬೈಯಲ್ಲಿ, ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದಲ್ಲಿ ಕೆಲಸ ಮಾಡಿದವರು. ಭಟ್ಕಳದ ನವಾಯತರು ಮದರಾಸಿನಲ್ಲಿ, ಕೇರಳದಲ್ಲಿ, ಆಮೇಲೆ ದುಬೈಯಲ್ಲಿ ವ್ಯಾಪಾರ ಮಾಡಿ ಊರಿಗೆ ದುಡ್ಡು ಕಳಿಸಿದವರು. ಒಂದು ಕಾಲಕ್ಕೆ ಧಾರವಾಡದ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಬಂದರಿಗೆ ಬರುತ್ತಿತ್ತು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ, 1861ರಿಂದ 1865ರವರೆಗೆ, ಅದಕ್ಕೆ ಎಲ್ಲಿಲ್ಲದ ಬೆಲೆ. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು, ಕುಮಟೆಯಲ್ಲಿ ಒಂದು ಕಾಯಿಯೂ ಬೆಳೆಯದಿದ್ದರೂ. 1880ರ ದಶಕದ ಕೊನೆಗೆ ಮರ್ಮಗೋವೆಗೆ ರೈಲು ಹೋದಮೇಲೆ ಹತ್ತಿ ದಾರಿ ಬದಲಿಸಿತು, ಬಂದರು ಬಡವಾಯಿತು. ಆಮೇಲೆ ನಮ್ಮಲ್ಲಿಂದ ಹೊರಗೆ ಹೋದದ್ದು ಹತ್ತಿಯಲ್ಲ, ಮನುಷ್ಯರು. ಅವರಲ್ಲಿ ಕೆಲವರು ತಿರುಗಿ ನೋಡಿದರು. ತಿರುಗಿ ನೋಡಿದಾಗ ಅವರಿಗೆ ಕಂಡದ್ದೂ 'ನಮ್ಮವರೇ'.

ತನ್ನವರಿಗಾಗಿ ಕೊಡುವುದು ಕಡಿಮೆ ದರ್ಜೆಯ ಒಳ್ಳೆಯತನವೆ? ಹುಡುಗನಾಗಿದ್ದಾಗ ನಾನು ಹೌದೆನ್ನುತ್ತಿದ್ದೆ. ಜಾತಿಯ ಹಾಸ್ಟೆಲು, ಜಾತಿಯ ಬ್ಯಾಂಕು, ಸಮಾಜದ ಶಾಲೆ ಎಂದರೆ ಮೂಗು ಮುರಿಯುವುದು ನಮ್ಮ ತಲೆಮಾರಿನ ಓದಿದವರ ಲಕ್ಷಣವಾಗಿತ್ತು. ಎಲ್ಲರಿಗೂ ಎಂದು ಕೊಡುವವನೇ ದೊಡ್ಡವನು ಎಂದು ನಂಬಿದ್ದೆವು. ಆದರೆ ಎಲ್ಲರಿಗೂ ಎಂಬ ಮಾತಿನ ಗತಿಯನ್ನೂ ನೋಡಬೇಕು. ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಗೋಖಲೆಯವರು 1911ರಲ್ಲಿ ತಂದ ಮಸೂದೆ ಮರುವರ್ಷವೇ ಬಿದ್ದುಹೋಯಿತು. ಆ ಹೊತ್ತಿಗೆ ಏನಾದರೂ ಎದ್ದು ನಿಂತದ್ದು ಯಾರೋ ತಮ್ಮ ಬೀದಿಯ, ತಮ್ಮ ಪೇಟೆಯ ಮಕ್ಕಳ ಮುಖ ನೋಡಿ ಗಂಟು ಬಿಚ್ಚಿದಲ್ಲಿ. ಮನುಕುಲಕ್ಕೆ ಎಂದು ಹೇಳಿ ಅಪ್ಪನ ಹತ್ತಿರ 51 ರೂಪಾಯಿ ಹೊರಡಿಸಲು ಬ್ರಹ್ಮನಿಂದಲೂ ಸಾಧ್ಯವಿರಲಿಲ್ಲ.

ಹಾಗೆಂದು ಆ ಪದವನ್ನು ನಂಬಿಬಿಡುವ ಹಾಗೂ ಇಲ್ಲ. ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಶುರುವಾದದ್ದು 1919ರಲ್ಲಿ. ತಮ್ಮ ಸಮಾಜದ ಮಕ್ಕಳು ಹೊಸ ಶಿಕ್ಷಣದಲ್ಲಿ ಹಿಂದೆ ಬೀಳುತ್ತಿದ್ದಾರೆಂಬ ಆತಂಕದಿಂದ ಹುಟ್ಟಿದ ಸಂಸ್ಥೆ. ಹೆಸರಿನಲ್ಲೇ ಅದು ಯಾರದೆಂದು ಬರೆದಿದೆ. ಶಾಲೆಯಾಯಿತು, ಕಾಲೇಜಾಯಿತು, 1980ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಆಯಿತು. ಆಗುತ್ತ ಆಗುತ್ತ ಅಲ್ಲಿ ಕಲಿಸುವವರಲ್ಲೂ ಕಲಿಯುವವರಲ್ಲೂ ಎಲ್ಲ ಜಾತಿ ಧರ್ಮದವರು ಸೇರಿಕೊಂಡರು. ಯಾರೂ ವೇದಿಕೆ ಹತ್ತಿ ಭಾಷಣ ಮಾಡಿದ್ದರಿಂದ ಹೀಗಾದದ್ದಲ್ಲ. ಭೌತಶಾಸ್ತ್ರ ಕಲಿಸುವವನು ಬೇಕೆಂದರೆ ಸಿಕ್ಕವನನ್ನು ತರಬೇಕು. ಪರೀಕ್ಷೆ ನಡೆಸುವುದು ಬೇರೆಲ್ಲೋ ಇರುವ ವಿಶ್ವವಿದ್ಯಾಲಯ. ಅದಕ್ಕೆ ನಿಮ್ಮವರು ನಮ್ಮವರು ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ಕಾಲೇಜೆಂಬುದು ಕಟ್ಟಿದವರ ಮಾತನ್ನು ಹೀಗೆ ಸದ್ದಿಲ್ಲದೆ ಹಿಗ್ಗಿಸುತ್ತದೆ. ಆದರೆ ಅದೇ ಭಟ್ಕಳದಲ್ಲಿ 1993ರಲ್ಲಿ ತಿಂಗಳುಗಟ್ಟಲೆ ಗಲಭೆ ನಡೆದು ಜೀವಗಳು ಹೋದಾಗ, 'ನಮ್ಮವರು' ಎಂಬ ಪದ ಎಷ್ಟು ಬೇಗ ಕತ್ತಿಯಾಗಬಲ್ಲದೆಂಬುದನ್ನೂ ಕರಾವಳಿ ಕಂಡಿತು. ಎರಡೂ ಕಡೆ ಆಡಿದ್ದು ಅದೇ ಪದ. ಒಂದು ಕಾಲೇಜು ಕಟ್ಟಿದ ಪದವೇ ಅದು.

ಹಾಗಾದರೆ ವ್ಯತ್ಯಾಸ ಎಲ್ಲಿ? ನಮ್ಮವರಿಗೆ ಎಂದು ಬಾಗಿಲು ತೆರೆಯುವುದು ಒಂದು, ನಮ್ಮವರಿಗೆ ಎಂದು ಬಾಗಿಲು ಹಾಕುವುದು ಇನ್ನೊಂದು ಎಂದು ನಾನು ಬಹುಕಾಲ ಸಮಾಧಾನ ಮಾಡಿಕೊಂಡಿದ್ದೆ. ಮಾತು ಚೆನ್ನಾಗಿದೆ. ನಮ್ಮ ಮನೆಯ ಮಟ್ಟಿಗೆ ಅದು ಸಾಲಲಿಲ್ಲ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. 1962ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾದಳು, ನಾನು ಮುಂದೆ ತೆಗೆದದ್ದಕ್ಕಿಂತ ಹೆಚ್ಚು ಅಂಕಗಳಿಂದ. ಓದಬೇಕೆಂದು ಕೇಳಿದಾಗ ಅಪ್ಪ, "ಕುಮಟೆಗೆ ದಿನಾ ಹೋಗಿ ಬರೂದು ಆಗ್ತದ್ಯೇನೇ ತಂಗೀ?" ಎಂದ. ನ್ಯಾಯವಾದ ಮಾತೇ ಆಗಿತ್ತು. ಎರಡು ವರ್ಷಕ್ಕೆ ಕಾಲೇಜು ಹೊಳೆಯ ಆಚೆ ದಡಕ್ಕೇ ಬಂತು. ಅದಕ್ಕೆ ಅಪ್ಪನದೇ ದುಡ್ಡೂ ಹೋಗಿತ್ತು. ಆಗ ಕಾರಣ ಬದಲಾಯಿತು: ಗಂಡುಮಕ್ಕಳ ಜೊತೆ ತಾರಿ ದಾಟುವುದು ಹೇಗೆ, ಮಳೆಗಾಲದಲ್ಲಿ ಹೊತ್ತು ಮೀರಿದರೆ ಹೇಗೆ, ನೋಡಲು ಬರುವವರು ಏನೆಂದಾರು. ಮರುವರ್ಷ ಅವಳ ಮದುವೆಯಾಯಿತು. ಅದೇ ಜೂನಿನಲ್ಲಿ ನಾನು ಪಿ.ಯು.ಸಿ.ಗೆ ಸೇರಿದೆ. ದೂರವೇ ಕಾರಣವೆಂದು ಎಲ್ಲರೂ ನಂಬಿದ್ದೆವು. ದೂರ ಹೋದಮೇಲೆ ಅದರ ಹಿಂದೆ ಅಡಗಿದ್ದದ್ದು ಕಂಡಿತು. ಆದರೂ ಅಪ್ಪನನ್ನು ಕೆಟ್ಟವನೆನ್ನಲಾರೆ. ಅವನು ಜಿಪುಣನಲ್ಲ, ಅವಳ ಮದುವೆಗೆ ಸಾಲ ಮಾಡಿದ. ನಮ್ಮವರಲ್ಲಿ ಅವಳು ಇರಲಿಲ್ಲವೆಂದಲ್ಲ. ಕಾಲೇಜಿನ ವಿಷಯ ಬಂದಾಗ ಅವಳು ಅವನ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ನನ್ನ ಕಣ್ಣಿಗೂ ಬೀಳಲಿಲ್ಲ. ಒಂದು ಸಲವೂ "ಅಕ್ಕನೂ ಬರಲಿ" ಎಂದು ನಾನು ಹೇಳಿದ ನೆನಪಿಲ್ಲ. ತಾರಿಯ ಕಾಸನ್ನು ದಿನವೂ ಎಣಿಸಿ ಕೊಡುತ್ತಿದ್ದವಳು ಆಯಿ, ಮದುವೆಗೆ ಮೊದಲು ಬುತ್ತಿ ಕಟ್ಟಿಕೊಡುತ್ತಿದ್ದವಳು ಅಕ್ಕ.

ಹಲವು ವರ್ಷಗಳ ಮೇಲೆ ಒಮ್ಮೆ ಭಟ್ಕಳದಲ್ಲಿ ಹುಡುಗಿಯರಿಗೇ ಪ್ರತ್ಯೇಕವಾಗಿರುವ ಅಂಜುಮನ್ ಕಾಲೇಜಿನ ಮಾತು ಬಂತು. ನಾನು ನನ್ನ ಹಳೆಯ ಚಾಳಿಯಂತೆ, ಈ ಕಾಲದಲ್ಲೂ ಬೇರೆ ಗೋಡೆ ಯಾತಕ್ಕೆ ಎಂದೆ. ಅಕ್ಕ ಕಾಯಿ ತುರಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಅಂಥಾದ್ದೊಂದು ಹೊನ್ನಾವರದಲ್ಲಿ ಇದ್ದಿದ್ರೆ ಅಪ್ಪ ನನ್ನ ಕಳಸ್ತಿದ್ದ, ತಮ್ಮಾ." ಗೋಡೆಯನ್ನು ನಾನು ನೋಡುತ್ತಿದ್ದದ್ದು ಒಳಗೆ ಕುಳಿತು, ಅವಳು ನೋಡುತ್ತಿದ್ದದ್ದು ಹೊರಗೆ ನಿಂತು. ಆ ಗೋಡೆ ಸರಿಯೆಂದು ಈಗಲೂ ನನಗನ್ನಿಸುವುದಿಲ್ಲ. ಅಕ್ಕನಿಗೆ ಉತ್ತರವೂ ಸಿಕ್ಕಿಲ್ಲ.

ನಿವೃತ್ತನಾದ ಮೇಲೆ, ಹುಡುಗಿಯೊಬ್ಬಳಿಗೆ ವರ್ಷಕ್ಕೊಂದು ಬಹುಮಾನ ಕೊಡುವಂತೆ ಒಂದು ಕಾಲೇಜಿನಲ್ಲಿ ಸಣ್ಣ ದತ್ತಿ ಇಡಬೇಕೆನಿಸಿತು. ಅಕ್ಕನ ಹೆಸರಿನಲ್ಲಿ ಇಡುತ್ತೇನೆಂದಾಗ ಅವಳು ನಕ್ಕುಬಿಟ್ಟಳು. "ನಾ ಆ ಮೆಟ್ಟಿಲು ಹತ್ತಿದವಳೇ ಅಲ್ಲ, ಅಪ್ಪನ ಹೆಸರು ಹಾಕು" ಎಂದಳು. ಅಪ್ಪನ 51 ರೂಪಾಯಿ ಎಂದೋ ಸಂದಿದೆ, ಅವನ ಲೆಕ್ಕ ಚುಕ್ತಾ ಎಂದು ವಾದಿಸಿ ಅವಳ ಹೆಸರನ್ನೇ ಬರೆದೆ. ಫಾರ್ಮಿನಲ್ಲಿ ಹೆಸರಿನ ಮುಂದೆ ಇನ್ನೊಂದು ಕಲಮು ಇತ್ತು: ಯಾವ ವರ್ಷದಿಂದ ಯಾವ ವರ್ಷದವರೆಗೆ ಇಲ್ಲಿ ವ್ಯಾಸಂಗ. ಗುಮಾಸ್ತ, ಚಿಕ್ಕ ವಯಸ್ಸಿನವನು, ಪೆನ್ನು ಹಿಡಿದು ಕಾದಿದ್ದ. ಅದನ್ನು ಖಾಲಿ ಬಿಡಿ ಎಂದೆ.